ತಾಳೆ

ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಇಪ್ಪತ್ತಾರು ವರ್ಷ
ಮೂಟೆ ಲೆಕ್ಕ ಬರೆದ ಕೈ ಎಂದು
ನನ್ನನ್ನೇ ಕೂರಿಸಿದರು ಸ್ಕೋರಿಗೆ,
ಅಮ್ಮತ್ತಿ ಮೈದಾನದಲ್ಲಿ, ಹುಡುಗಿಯರ ಬೇಸ್‌ಬಾಲಿಗೆ.
ಒಂದು ಪೆನ್ಸಿಲ್, ಒಂದು ರಬ್ಬರ್, ಕಾಲು ಅಲುಗುವ ಮೇಜು.
ಬೇಸುಗಳೂ ನಮ್ಮವೇ: ಮಡಿಸಿ ಹೊಲಿದ ಗೋಣಿ,
ಮೇಲೆ ಇನ್ನೂ ಅಳಿಯದ ಲಾಟ್ ನಂಬರು.

ಪಕ್ಕದಲ್ಲಿ ಪಳಂಗಪ್ಪಜ್ಜ.
ಹಾಕಿ ಮ್ಯಾಚುಗಳಲ್ಲಿ ಸೀಟಿ ಊದಿ ಊದಿ ಕೆನ್ನೆ ಜೋತವರು.
‘ಗೋಲು ಎಲ್ಲುಂಟು?’
ಇಲ್ಲ ಅಜ್ಜ. ಹೊರಟಲ್ಲಿಗೇ ಸುತ್ತಿ ಬಂದರೆ ಒಂದು.
‘ಅಷ್ಟಕ್ಕೆ ಹೊರಡುವುದು ಯಾಕೆ?’
ಅದು ನಿಯಮದ ಪುಸ್ತಕದಲ್ಲಿ ಇಲ್ಲ.

ಈ ಮೈದಾನದ ಕಟ್ಟಳೆಗಳೇ ಬೇರೆ, ಬೆಳಿಗ್ಗೆ ಓದಿ ಹೇಳಿದ್ದು:
ಚೆಂಡು ಆನೆಕಂದಕಕ್ಕೆ ಉರುಳಿದರೆ ಎರಡು ಬೇಸು.
ಸಿಲ್ವರ್ ಓಕಿನ ಮೆಣಸುಬಳ್ಳಿಗೆ ಸಿಕ್ಕಿಕೊಂಡರೂ ಎರಡೇ.
ಬೇಲಿ ದಾಟಿ ರೋಬಸ್ಟಕ್ಕೆ ಬಿದ್ದರೆ ಹೋಮ್ ರನ್,
ಆದರೆ ಹೂವಿನ ವಾರ ಹುಡುಕಲು ಯಾರೂ ಇಳಿಯತಕ್ಕದ್ದಲ್ಲ,
ಎಸ್ಟೇಟ್ ರೈಟರ ಸಹಿ ಉಂಟು.
ನಾಯಿ ಕಚ್ಚಿಕೊಂಡು ಓಡಿದರೆ?
ಹೋದ ವರ್ಷದ ಆ ಜಗಳ ಇನ್ನೂ ಮುಗಿದಿಲ್ಲ.

ವಿರಾಜಪೇಟೆಯವರು ನಮ್ಮ ಬೊಳ್ಳಮ್ಮನಿಗೆ
ಬೇಕೆಂದೇ ನಾಲ್ಕು ಚೆಂಡು ಆಚೆಗೆಸೆದು
ಸುಮ್ಮನೆ ನಡೆಸಿ ಕಳಿಸಿದರು.
‘ಇದು ಹೆದರಿಕೆಯಾ, ಮರ್ಯಾದೆಯಾ?’
ಎರಡಕ್ಕೂ ಒಂದೇ ಕಾಲಮ್ಮು, ಅಜ್ಜ.

ನಾಲ್ಕನೇ ಇನ್ನಿಂಗ್ಸು. ನೆಲ ಸವರಿ ಬಂದ ಚೆಂಡು
ರುಖಿಯಾಳ ಕೈಯಡಿ ನುಸುಳಿ ಹೋಯಿತು.
ಹಿಟ್ ಎಂದರೆ ಹೊಡೆದವಳಿಗೆ ಜಮಾ,
ತಪ್ಪು ಎಂದರೆ ಇವಳ ಖಾತೆಗೆ ಖರ್ಚು.
ಅಲ್ಲೊಂದು ಇಲಿಬಿಲ ಇತ್ತು, ಬೆಳಿಗ್ಗೆಯೇ ಕಂಡಿದ್ದೆ.
ಬಿಲಕ್ಕೆ ಖಾತೆ ತೆರೆಯುವ ಹಾಗಿಲ್ಲ.
ರುಖಿಯಾ ನನ್ನ ಮೇಜಿನ ಕಡೆಗೇ ನೋಡುತ್ತಿದ್ದಳು.
ಹಿಟ್ ಎಂದು ಬರೆದೆ. ಅಜ್ಜ ಸುಮ್ಮನೆ ಕೆಮ್ಮಿದರು.

ಕೊನೆಯ ಸರದಿ, ಒಂದು ಓಟ ಹಿಂದೆ.
ಚೋಮಿ ಮೂರನೆಯದಕ್ಕೂ ಗಾಳಿಯನ್ನೇ ಹೊಡೆದಳು.
‘ಕೆ’ ಎಂದು ಬರೆದಿದ್ದೇ,
ಹಿಂದೆ ಕೂತವಳ ಗ್ಲೌಸಿಂದ ಚೆಂಡು ಜಾರಿತು,
ಚೋಮಿ ಓಡಿದಳು.
‘ಔಟಾದವಳು ಓಡುವುದುಂಟಾ?’
ಉಂಟು. ಆ ಚೆಂಡು ಹಿಡಿಯದಿದ್ದರೆ, ಮೊದಲ ಬೇಸು ಖಾಲಿಯಿದ್ದರೆ.
‘ಹಾಗಾದರೆ ಔಟಲ್ಲ.’
ಎಸೆದವಳಿಗೆ ‘ಕೆ’ ಸಿಕ್ಕಿತು. ಇವಳಿಗೆ ಬೇಸೂ ಸಿಕ್ಕಿತು.
‘ಯಾರಪ್ಪ ಮಾಡಿದ್ದು ಈ ಕಾನೂನು?’ ಎನ್ನುತ್ತಾ
ಅಜ್ಜ ಎದ್ದು ನಿಂತಿದ್ದರು.
ಎರಡನೆಯದನ್ನು ಕದ್ದಳು. ಮೂರನೆಯದನ್ನೂ.
ಈ ಪುಸ್ತಕದಲ್ಲಿ ಕಳವನ್ನು ಹೆಸರಿನ ಎದುರು, ಗುಂಡಗೆ ಬರೆಯಬೇಕು.

ಆಮೇಲಿನ ಮೂವರೂ ಗಾಳಿಯನ್ನೇ ಹೊಡೆದರು.
ಮೂರು ಔಟಿನ ಸರದಿಯಲ್ಲಿ ನಾಲ್ಕು ‘ಕೆ’.
ಆರು–ಐದು. ವಿರಾಜಪೇಟೆ.

ಜೀಪುಗಳು ಹೋದವು. ಅಜ್ಜನೂ ಕೊಡೆ ಮರೆತು ಹೋದರು.
ನಾನು ತಾಳೆ ನೋಡುತ್ತಿದ್ದೆ.
ನಮ್ಮಲ್ಲಿ ಬ್ಯಾಟಿಗೆ ಬಂದವರು ಮೂವತ್ತೊಂದು.
ಓಟ ಐದು, ಔಟು ಇಪ್ಪತ್ತೊಂದು,
ಬೇಸಿನಲ್ಲೇ ಉಳಿದವರು ನಾಲ್ಕು.
ಮೂವತ್ತು.
ಒಂದು ಮೂಟೆ ಕಮ್ಮಿ ಬಿದ್ದ ಸಂಜೆ
ಗೋಡೌನಿನ ಬಾಗಿಲು ಹಾಕಿದವನಲ್ಲ ನಾನು.
ಮತ್ತೆ ಮೇಲಿನಿಂದ, ಬೆರಳಿಟ್ಟು, ಒಂದೊಂದೇ ಹೆಸರು.

‘ಬಸ್ಸು ಹೋಯ್ತಾ ಸಾರ್?’
ತಲೆಯೆತ್ತಿದರೆ ಮೂರನೇ ಗೋಣಿಯ ಮೇಲೆ
ಚೋಮಿ, ಕೂತು ಶೂ ದಾರ ಬಿಚ್ಚುತ್ತಿದ್ದಳು.

ನಾಲ್ಕನ್ನು ಉಜ್ಜಿ ಐದು ಮಾಡಿದೆ.