ತೊಳೆಯದ ಲೋಟ

ಸೊನ್ನೆ, ಒಂದು, ಎರಡು, ಮೂರು,
ನಾಲ್ಕು, ಐದು, ಆರು, ಏಳು,
ಏಳಾದ ಮೇಲೆ ಮತ್ತೆ ಸೊನ್ನೆ.
ಗಾಣದೆತ್ತಿಗಾದರೂ ಒಂದು ಸಂಜೆಯಿದೆ,
ಈ ಚಿಪ್ಪಿಗಿಲ್ಲ.
ನಿರಂತರ ಅನ್ನುವ ಒಂದೇ ಒಂದು ಬಿಟ್ ಎಬ್ಬಿಸಿಟ್ಟು
ಮನೆಗೆ ಹೋದವಳು ನಾನೇ,
ಮೂರು ಚಳಿಗಾಲದ ಹಿಂದೆ.

ಹೋಲ್ವೆರ್ಡ್ ಊರಿನಾಚೆ, ವಾಡನ್ ಸಮುದ್ರಕ್ಕೆ ಬೆನ್ನು ಕೊಟ್ಟು
ಮಲಗಿದ ಒಡ್ಡಿನೊಳಗೆ ಎಂಟು ಕೊಳವೆ.
ತಳದಲ್ಲಿ ಬೆರಳುದ್ದದ ಸೆನ್ಸರು
ಮಣ್ಣೊಳಗಿನ ನೀರು ಎಷ್ಟು ಒತ್ತುತ್ತಿದೆಯೆಂದು
ವೋಲ್ಟಿನಲ್ಲಿ ಉಸುರುತ್ತದೆ.
ಬಾಯಿ ಎಂಟು, ಕಿವಿ ಒಂದೇ.
ಪಾಳಿಯ ಪ್ರಕಾರ ಬಾಗಿಲು ತಟ್ಟಿ
ಕಣ್ಣಿಗೆ ಕಾಣದಷ್ಟು ಚಿಕ್ಕ ಲೋಟದಲ್ಲಿ ಹಿಡಿದು,
ಹೆಚ್ಚೋ ಕಡಿಮೆಯೋ, ಹೆಚ್ಚೋ ಕಡಿಮೆಯೋ,
ಹನ್ನೆರಡು ಸಲ ತೂಗಿ
ಒಂದು ಅಂಕಿ ಬರೆದಿಟ್ಟು ಮುಂದಿನ ಮನೆಗೆ.
ನೀವು ರೆಪ್ಪೆ ಬಡಿಯುವಷ್ಟರಲ್ಲಿ
ಕೇರಿಯನ್ನು ಸಾವಿರ ಸಲ ಸುತ್ತಿರುತ್ತದೆ.

ಸಿಟ್ಸ್ಕೆ ಹೀಗೆ ಕೇಳುತ್ತಿರಲಿಲ್ಲ.
ಮೂವತ್ತು ವರ್ಷ, ಎದುರುಗಾಳಿಗೆ ಸೈಕಲ್ಲು ತಳ್ಳಿಕೊಂಡು ಬಂದು
ಅಳತೆಪಟ್ಟಿಯ ತುದಿಯ ಹಿತ್ತಾಳೆ ಗಂಟೆಯನ್ನು
ಕೊಳವೆಗೆ ಇಳಿಬಿಡುತ್ತಿದ್ದಳು.
ನೀರು ಮುಟ್ಟಿದಾಗ, ಗುಳುಕ್.
ತಲೆ ಓರೆ ಮಾಡಿ ಇನ್ನೊಮ್ಮೆ, ಗುಳುಕ್.
ಪುಸ್ತಕದಲ್ಲಿ ಬರೆದು
ಗಂಟೆಯನ್ನು ಕೋಟಿನ ಅಂಚಿಗೆ ಒರೆಸಿ
ಆಮೇಲೆ ಮುಂದಿನದು.
ಒರೆಸುವುದೇಕೆ ಎಂದಿದ್ದೆ ಹೊಸದರಲ್ಲಿ.
"ಒಬ್ಬರ ಎಂಜಲು ಇನ್ನೊಬ್ಬರಿಗೆ ಬಡಿಸಬಾರದು, ಯೆಲ್ಟ್ಯೆ."
ನಕ್ಕಿದ್ದೆ.

ಡಿಸೆಂಬರಿನ ಆ ರಾತ್ರಿ ವಾಯವ್ಯದ ಬಿರುಗಾಳಿ.
ಪಂಪುಮನೆಯಲ್ಲಿ ನಾನು, ಇಲಿ ಹಿಡಿಯುವ ಡೌವೆ,
ಮತ್ತು ಯಾರೂ ಕರೆಯದಿದ್ದರೂ
ಬಟಾಣಿ ಸೂಪಿನ ಪಾತ್ರೆ ಹೊತ್ತು ಬಂದ ಸಿಟ್ಸ್ಕೆ,
ನಿವೃತ್ತಳಾಗಿ ನಾಲ್ಕು ವರ್ಷ.
ಕನ್ನಡಕ ಏರಿಸಿ ಪರದೆ ನೋಡಿದಳು.
ನಾಲ್ಕು: ಎರಡು ಸಾವಿರದ ನೂರ ಹನ್ನೆರಡು.
ಐದು: ಎರಡು ಸಾವಿರದ ನೂರ ಒಂಬತ್ತು.
"ಇವರಿಬ್ಬರಿಗೆ ಯಾವಾಗಿನಿಂದ ಇಷ್ಟು ಹೊಂದಿಕೆ?
ಐದು ಹಠಮಾರಿ. ಉಬ್ಬರ ಬಂದು ಎರಡು ತಾಸು
ಕಾದು ಕಾದು ಏರುವ ಜಾತಿ ಅದು."

ಸೂಪು ಮೇಜಿನ ಮೇಲೇ ಉಳಿಯಿತು.
ಟಾರ್ಚು ಹಿಡಿದೆ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು.
ಅವಳು ಮೊಣಕಾಲೂರಿ ಗಂಟೆ ಇಳಿಬಿಟ್ಟಳು
ಐದನೆಯದಕ್ಕೆ.
ಗುಳುಕ್.
ಬೇಗ ಬಂತು.
ಬರಬೇಕಾದ್ದಕ್ಕಿಂತ ಒಂದು ಮೊಳ ಮೇಲೆಯೇ ಬಂತು.

ತಂತಿಯ ಜಾಡು ಹಿಡಿದು ಹೋದ ಡೌವೆ
ಒಳಗಾಲುವೆಯ ದಂಡೆಯಲ್ಲಿ ಕೂಗಿದ.
ಕಸ್ತೂರಿ ಇಲಿಯ ಬಿಲ, ಒಡ್ಡಿನೊಳಕ್ಕೇ ಕೊರೆದದ್ದು.
ಬಾಯಲ್ಲೇ ತಂತಿಯ ಎರಡು ತುಂಡು,
ಕತ್ತರಿ ಹಾಕಿದಷ್ಟು ನೀಟಾಗಿ.

ಮರಳಚೀಲ ಪೇರಿಸಿ ಮುಗಿಸಿದಾಗ ಬೆಳಗು.
ಕೈ ಮರಗಟ್ಟಿದ್ದರೂ ಹಳೆಯ ದಾಖಲೆ ತೆರೆದೆ.
ಸೆಪ್ಟೆಂಬರಿನ ಕೊನೆಯ ವಾರದಿಂದ
ನಾಲ್ಕರ ನೆರಳಾಗಿ ನಡೆದಿದೆ ಐದು.
ತುಂಡಾದ ತಂತಿ ಏನನ್ನೂ ಸುರಿಯುವುದಿಲ್ಲ,
ಏನನ್ನೂ ಹೀರುವುದೂ ಇಲ್ಲ.
ಲೋಟದಲ್ಲಿ ನಾಲ್ಕರ ಮನೆಯದು ಹಾಗೇ ನಿಂತಿತ್ತು.
ಓಟದಲ್ಲಿದ್ದ ಚಿಪ್ಪು ಅದನ್ನೇ ಅಳೆದು
ಐದರ ಹೆಸರಲ್ಲಿ ಜಮಾ ಮಾಡಿತು
ದಿನಕ್ಕೆ ಕೋಟಿ ಕೋಟಿ ಸಲ.
ಸುಳ್ಳು ಅನ್ನಲಾರೆ. ಕೈಯಲ್ಲಿದ್ದುದನ್ನು ಹೇಳಿತು.
ಯಾರದು ಎಂದು ಕೇಳುವುದನ್ನು
ನಾನು ಕಲಿಸಿರಲಿಲ್ಲ.

ನನ್ನ ಹಸಿರು ದೀಪ ಮಾತ್ರ
ಮೂರು ತಿಂಗಳೂ ಉರಿಯುತ್ತಿತ್ತು.

ಮಧ್ಯಾಹ್ನ ಆರು ಸಾಲು ಹೊಸದಾಗಿ ಬರೆದೆ.
ಸಿಟ್ಸ್ಕೆ ಸೂಪನ್ನು ಮತ್ತೆ ಬಿಸಿಗಿಟ್ಟು
ಹೆಗಲ ಮೇಲಿಂದ ಬಾಗಿ ಕೇಳಿದಳು, ಏನದು?
"ಒರೆಸುವುದು. ಎರಡು ಮನೆಗಳ ನಡುವೆ ಒಂದು ಸಲ."
"ಕೋಟು ಎಲ್ಲಿದೆ ಅದಕ್ಕೆ?"
"ನೆಲಕ್ಕೆ ಮುಟ್ಟಿಸುತ್ತೇನೆ.
ಲೋಟ ಬರಿದಾಗಿ ಹೋಗಲಿ ಮುಂದಿನ ಬಾಗಿಲಿಗೆ."
ಅವಳು ತಲೆಯಾಡಿಸಿ ಬಟ್ಟಲು ತೊಳೆಯಲು ಹೋದಳು.

ಪರದೆಯ ಮೇಲೆ ನಾಲ್ಕು ಇಳಿಯುತ್ತಿದೆ.
ಐದರ ಎದುರು ಸೊನ್ನೆಯ ಆಸುಪಾಸು,
ಒಂದು, ಮೂರು, ಸೊನ್ನೆ, ಎರಡು.
ಹೊಸ ತಂತಿ ಲೇವಾರ್ಡನ್‌ನಿಂದ ಗುರುವಾರ ಬರುತ್ತದಂತೆ.
ಅಲ್ಲಿಯವರೆಗೆ ಉಬ್ಬರಕ್ಕೊಮ್ಮೆ
ಸರದಿ ನನ್ನದು, ಗಂಟೆ ಅವಳದು.