ಉಪ್ಪಿನ ಕಲ್ಲು

ಹಾಸಿಗೆ ಹೊತ್ತು ಬರುತ್ತಾರೆ ಈ ಹುಡುಗರು ಬೆಟ್ಟಕ್ಕೆ,
ಮಲಗುವುದಕ್ಕಲ್ಲ, ಬೀಳುವುದಕ್ಕೆ.
ಮೊದಲ ವರ್ಷ ನಕ್ಕಿದ್ದೆ,
ಹಾಲಿನ ಕ್ಯಾನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು.
ಹಗ್ಗವಿಲ್ಲ, ಕೊಕ್ಕೆಯಿಲ್ಲ, ಶಿಖರದ ಆಸೆಯೂ ಇಲ್ಲ,
ಎರಡಾಳೆತ್ತರದ ಬಂಡೆ,
ಅದಕ್ಕೊಂದು ಇಡೀ ಬೇಸಿಗೆ!

ಅವರಲ್ಲೊಬ್ಬ ನನ್ನ ತಂಗಿಯ ಮಗ ಕುರ್ದಿನ್.
ವಾರವೆಲ್ಲ ಕೆಳಗೆ ಎಂಗಡೀನಿನ ಮನೆಗಳಲ್ಲಿ
ಸೋರುವ ನಲ್ಲಿ ಬಿಗಿಯುತ್ತಾನೆ.
ಶನಿವಾರ ಬಂದರೆ ಇಲ್ಲಿ, ನನ್ನ ಮೇವಿನ ಬಯಲಲ್ಲಿ,
ಹಿಮನದಿ ಹಿಂದೆ ಸರಿಯುವಾಗ
ಮರೆತುಹೋದ ಆ ಕಲ್ಲಿನ ಮುಂದೆ.
ಅವರು ಅದಕ್ಕೇನೋ ಹೆಸರಿಟ್ಟಿದ್ದಾರೆ, ಜೊತೆಗೊಂದು ಅಂಕಿ,
ಕಷ್ಟಕ್ಕೂ ಅವರಲ್ಲಿ ಅಳತೆಯುಂಟು.
ನನಗದು ಉಪ್ಪಿನ ಕಲ್ಲು.
ಇಪ್ಪತ್ತೊಂಬತ್ತು ಬೇಸಿಗೆ ಅದರ ಮಗ್ಗುಲಲ್ಲೇ
ಹಸುಗಳಿಗೆ ಉಪ್ಪಿಟ್ಟವಳು ನಾನು.

ಒಂದು ಬೆಳಿಗ್ಗೆ ಬ್ರುನೆಲ್ಲಾ, ನನ್ನ ಹಿರಿಯ ಹಸು,
ಕತ್ತು ಚಾಚಿ ಬಂಡೆಯ ಬಿಳಿ ಕಲೆ ನೆಕ್ಕಿದಳು.
ಕೈ ಜಾರದಂತೆ ಹುಡುಗರು ಹಚ್ಚುವ ಪುಡಿ,
ಹಿಡಿದಲ್ಲೆಲ್ಲ ಅಂಟಿ ಉಳಿದದ್ದು.
ಉಪ್ಪೆಂದುಕೊಂಡಳು ಪಾಪ.
ಮೂತಿ ಸಿಂಡರಿಸಿ, ಒಮ್ಮೆ ಸೀನಿ,
ನನ್ನತ್ತ ತಿರುಗಿ ನೋಡಿದಳಲ್ಲ ಆ ನೋಟ,
ನಾನೇ ಮೋಸ ಮಾಡಿದೆನೇನೋ ಎಂಬಂತೆ.

ಹೇಳಿದೆ ಅವನಿಗೆ. ಬೈಯಲಿಲ್ಲ.
ಬೈಯಬೇಕಿತ್ತೇನೋ.
ಕಿವಿ ಕೆಂಪಾಯಿತು ಹುಡುಗನಿಗೆ.
ಮುಂದಿನ ಶನಿವಾರ ಹಲ್ಲುಜ್ಜುವ ಬ್ರಷ್ಷು ತಂದ,
ಸಂದುಸಂದು ಉಜ್ಜಿದ, ಕಲ್ಲಿಗೂ ಹಲ್ಲು ಬಂದಿದೆಯೋ ಎಂಬಂತೆ.
ಜೋರಾಗಿ ತಿಕ್ಕು ಅಂದೆ.
'ಮೆತ್ತಗೆ ದೊಡ್ಡಮ್ಮ, ಕಲ್ಲುಹೂವು ಕಿತ್ತು ಬಂದರೆ
ನನ್ನ ಆಯಸ್ಸಿನಲ್ಲಿ ಮತ್ತೆ ಬರುವುದಿಲ್ಲ.'

ಆಮೇಲೆ ಆ ದಿಂಬನ್ನು ಕಂಡದ್ದೂ ಅವನೇ.
ಬುಡದಲ್ಲಿ, ಹಾಸಿಗೆ ಹಾಸುವ ಜಾಗದ ಅಂಚಿಗೆ,
ಅಂಗೈಯಗಲ ಹಸಿರು, ಮೇಲೆ ಗುಲಾಬಿ ಚುಕ್ಕಿ,
ಗಾಳಿಗೆ ಹೆದರಿ ನೆಲವನ್ನೇ ಅವಚಿಕೊಂಡ ಗಿಡ.
ನಾನು ನೋಡಿಲ್ಲವೆಂದಲ್ಲ,
ನೋಡಿ ದಾಟಿದ್ದೆ.
'ಇಷ್ಟಗಲವಾಗಲು ನನ್ನ ವಯಸ್ಸು ಹಿಡಿದಿರಬೇಕು' ಎಂದ.
ಎಷ್ಟೋ ನಿನಗೆ?
ಇಪ್ಪತ್ತಾರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಹಾಸಿಗೆಯ ಕೆಳಗೇನಿದೆ ನೋಡು ಎಂದು
ಯಾರೂ ಹೇಳಿಕೊಟ್ಟಿಲ್ಲ.

ಎರಡು ಗೇಣು ಎಳೆದ, ಬರಿಗಲ್ಲಿನ ಮೇಲೆ.
ಮೇಲಿನಿಂದ ಜಾರಿದರೆ ಅಲ್ಲಿ ಹಾಸಿಗೆ ಸಿಗದು, ಕಾಲು ಉಳಿಯದು.
ಹಾಗಾಗಿ ಆ ಬೇಸಿಗೆಯೆಲ್ಲ
ಕೊನೆಯ ಹಿಡಿಯವರೆಗೆ ಹೋಗಿ,
ತುದಿಬೆರಳಲ್ಲಿ ಅದನ್ನು ಒಮ್ಮೆ ಸವರಿ,
ಹೋದ ದಾರಿಯಲ್ಲೇ ಇಳಿದು ಬರುತ್ತಿದ್ದ.
ಹತ್ತುವುದಕ್ಕಿಂತ ಅದೇ ಕಷ್ಟವಂತೆ.
ಅದಕ್ಕೆ ಅಂಕಿ ಇಲ್ಲವಂತೆ.

ಅವನು ಇಳಿಯುವುದನ್ನು ನೋಡುತ್ತ ಒಂದು ದಿನ
ಕಲ್ಲಿನ ಉಳಿದ ಮೂರು ಮಗ್ಗುಲು ನೋಡಿದೆ.
ಗೊರಸು ಕಲಸಿದ ಕೆಸರು.
ಹೂವಿರಲಿ, ಹುಲ್ಲೂ ಇಲ್ಲ.
ಹಸು ನುಗ್ಗಲಾಗದ ಇಕ್ಕಟ್ಟಿನಲ್ಲಿ ಮಾತ್ರ
ಆ ಒಂದು ದಿಂಬು.
ಹುಡುಗರ ಹಾಸಿಗೆ ನಾಲ್ಕು ಬೇಸಿಗೆಯದು.
ನನ್ನ ಉಪ್ಪು?

ಯಾರಿಗೂ ಹೇಳಲಿಲ್ಲ.
ಚೀಸು ತಿರುವಿ ಹಾಕಿ, ಕಡಾಯಿ ತೊಳೆದು,
ಉಪ್ಪಿನ ಮರಿಗೆಯನ್ನು ಹೊಳೆಯಾಚೆ
ಜಲ್ಲಿದಿಣ್ಣೆಗೆ ಹೊತ್ತೆ. ಬೆನ್ನು ಬೈಯಿತು.
ಹಸುಗಳು ಒಂದು ವಾರ ಹಳೆಯ ಜಾಗದಲ್ಲೇ ನಿಂತು
ನನ್ನನ್ನು ಕೂಗಿದವು.
ಅಭ್ಯಾಸಕ್ಕೂ ಕಾಲಿವೆ, ನಾಲ್ಕು.

ಸೆಪ್ಟೆಂಬರ್ ಕೊನೆಗೆ ಇಳಿಯುವ ದಿನ
ಕುರ್ದಿನ್ ಬಂದ. ಹಾಸಿಗೆಯ ಮಡಿಕೆಯೊಳಗೆ
ನನ್ನ ಎರಡು ಚೀಸಿನ ಗಾಲಿಯಿಟ್ಟು ಬಿಗಿದು ಕಟ್ಟಿದ.
ಹತ್ತಿದೆಯೇನೋ ಕೊನೆಗೂ?
ಇಲ್ಲ ಎಂದ, ಉಂಡು ಬಂದವನಂತೆ.

ಗಂಟೆಗಳು ಮುಂದೆ ಹೋದವು.
ನಾನೊಬ್ಬಳೇ ಹಿಂದೆ ಉಳಿದು ಕಲ್ಲಿನ ಹತ್ತಿರ ನಿಂತೆ.
ನೆತ್ತಿಯ ಮೇಲೆ ಏನೋ ಬೆಳ್ಳಗಿತ್ತು.
ಮತ್ತೆ ಶುರುವೇ ಎಂದುಕೊಂಡು
ಬೆರಳಲ್ಲಿ ಒರೆಸಿ, ನೆಕ್ಕಿ ನೋಡಿದೆ.

ಹಿಮ.