ಎರಡು ಬೆರಳು ಅಂಚು

ಹನ್ನೆರಡು ಫೋಟೋ, ಎಲ್ಲ ಕಪ್ಪುಬಿಳುಪು.
ತಬಾರ್ಕಾದ ಹೊಸ ಹೋಟೆಲಿನವರು ಕಳಿಸಿದ್ದು,
ಮೆಟ್ಟಿಲ ಪಕ್ಕದ ಗೋಡೆಗಂತೆ.
ಚೀಟಿಯಲ್ಲಿ ಬರೆದಿದೆ: ಕರಿ ಚೌಕಟ್ಟು, ಬಿಳಿ ರಟ್ಟು,
ಸುತ್ತ ಎರಡು ಬೆರಳು ಅಂಚು, ಗುರುವಾರದೊಳಗೆ.
ಮುಂಗಡದ ಮಾತು ಮಾತ್ರ ಇಲ್ಲ.

ನಾನು ಲಜ್ಹರ್, ತೆಬೂರ್ಸುಕ್ ಪೇಟೆಯಲ್ಲಿ
ಚೌಕಟ್ಟು ಕಟ್ಟುವವನು.
ಮದುವೆ, ಹಜ್, ಫುಟ್‌ಬಾಲ್ ತಂಡ, ತೀರಿಕೊಂಡವರು;
ನನ್ನ ಗಾಜಿನಡಿ ಯಾರೂ ಬೆವರುವುದಿಲ್ಲ.
ಕಂಬಗಳಿಗೆ ಚೌಕಟ್ಟು ಹಾಕುತ್ತಿರುವುದು ಇದೇ ಮೊದಲು.

ತೆಗೆದವನದು ಒಳ್ಳೆಯ ಕೈ, ಒಪ್ಪಬೇಕು.
ಬೆಳಗಿನ ಓರೆ ಬಿಸಿಲು ಕಂಬದ ಗೀರುಗಳಲ್ಲಿ
ಬಾಚಣಿಗೆಯ ಹಲ್ಲಿನ ಹಾಗೆ ಇಳಿದಿದೆ.
ಮೇಲೆ, ಮುಕ್ಕೋನದ ಕಲ್ಲಿನಲ್ಲಿ
ಹದ್ದೊಂದು ಮನುಷ್ಯನನ್ನು ಎತ್ತಿಕೊಂಡು ಹಾರುತ್ತಿದೆ,
ಇಬ್ಬರದೂ ಮುಖ ಸವೆದಿದೆ.
ಹನ್ನೆರಡರಲ್ಲೂ ಒಂದು ನರಪಿಳ್ಳೆ ಇಲ್ಲ.
ಎಷ್ಟು ಹೊತ್ತು ಕಾದನೋ ಪುಣ್ಯಾತ್ಮ,
ಕುರಿ ದಾಟಲಿ, ಕಾವಲುಗಾರ ದಾಟಲಿ,
ಶಾಲೆಮಕ್ಕಳ ಬಸ್ಸು ತೊಲಗಲಿ ಅಂತ.

ಬಾಗಿಲ ಹೊರಗೆ ರೊಟ್ಟಿ ಮಾರುವ ಮಬ್ರೂಕಾ
ಚಿಲ್ಲರೆ ಕೇಳಲು ಬಂದಳು.
ಮೇಜಿನ ಮೇಲೆ ಏಳನೆಯದು ಅಂಗಾತ ಬಿದ್ದಿತ್ತು.
ಹಿಟ್ಟಿನ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು,
ಬಾವಿಗೆ ಬಗ್ಗುವ ಹಾಗೆ.
"ನಮ್ಮ ಮನೆ ಎಲ್ಲಿ?" ಎಂದಳು.

ನಾನು ನಕ್ಕೆ. ಇದು ರೋಮಿನವರ ಗುಡಿ ತಾಯಿ,
ದೇವರುಗಳೇ ಖಾಲಿ ಮಾಡಿ ಹೋದ ಜಾಗ, ಎಂದೆ.
"ಗೊತ್ತು. ಅವರು ಹೋದ ಮೇಲೆ ನಾವಿದ್ದೆವು,
ಸರ್ಕಾರದ ಲಾರಿ ಬರುವ ತನಕ.
ಈ ಕಂಬಕ್ಕೂ ನಮ್ಮ ಅಂಜೂರದ ಮರಕ್ಕೂ
ಅಮ್ಮ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದಳು.
ನಿದ್ದೆ ಮಾಡದವರನ್ನು ಆ ಹದ್ದು ಒಯ್ಯುತ್ತದೆ,
ನೋಡು, ಒಬ್ಬನನ್ನು ಒಯ್ದೇ ಬಿಟ್ಟಿದೆ ಅನ್ನುತ್ತಿದ್ದಳು.
ಯಾರವನು ಅಂದರೆ ನನ್ನ ಅಣ್ಣನ ಹೆಸರು ಹೇಳಿದಳು.
ಅಣ್ಣ ಪಕ್ಕದಲ್ಲೇ ಮಲಗಿದ್ದ, ಕಣ್ಣು ಬಿಟ್ಟುಕೊಂಡು."

ಬೆರಳನ್ನು ಚಿತ್ರದ ಮೇಲೆ ಇಡಲಿಲ್ಲ, ಗಾಳಿಯಲ್ಲೇ ಎಳೆದಳು
ಕಂಬದ ಬುಡದ ತನಕ, ಎಡಗಡೆ, ಕೊಟ್ಟಕೊನೆಗೆ.
ಅಲ್ಲೊಂದು ತೋಡು, ಹೆಬ್ಬೆರಳು ಕೂರುವಷ್ಟು.
"ಮೇಕೆ ಹಗ್ಗದ್ದು," ಎಂದಳು. "ನಮ್ಮದೇ ಮೇಕೆ. ಹಠಮಾರಿ."
ಕಲ್ಲು ತಿಂದ ಹಗ್ಗ ಎಷ್ಟೋ,
ಹಗ್ಗ ತಿಂದ ಕಲ್ಲು ಇಷ್ಟು.
ಚಿಲ್ಲರೆ ಮರೆತು ಹೋದಳು.

ಉಳಿದ ಹನ್ನೊಂದನ್ನೂ ದೀಪದಡಿ ಹಿಡಿದು ಹುಡುಕಿದೆ.
ನಾಲ್ಕನೆಯದರ ಗೋಡೆಯಲ್ಲಿ ಕಪ್ಪು ಇದೆ,
ಒಲೆಯ ಮಸಿಯೋ, ಬರೀ ನೆರಳೋ,
ಹೇಳಲಾರೆ.

ಆಮೇಲೆ ಅಳತೆ ಹಿಡಿದೆ. ಎರಡು ಬೆರಳು ಅಂಚಿಟ್ಟರೆ
ತೋಡು ರಟ್ಟಿನಡಿ ಹೋಗುತ್ತದೆ,
ಸರಿಯಾಗಿ ತೋಡೇ.
ಅಂಗಡಿ ಮುಚ್ಚಿದೆ. ಮತ್ತೆ ತೆರೆದೆ.
ಹೊಸ ಬ್ಲೇಡು ಹಾಕಿದೆ.
ಏಳನೆಯದಕ್ಕೆ ಮಾತ್ರ, ಕೆಳಗಡೆ ಮಾತ್ರ,
ಒಂದೇ ಬೆರಳು.

ಹೋಟೆಲಿನವರು ಹನ್ನೊಂದನ್ನು ಇಟ್ಟುಕೊಂಡರು.
ಒಂದು ವಾಪಸು: ಅಂಚು ಸಮ ಇಲ್ಲ,
ಕೆಳಗೆ ಎಡಕ್ಕೆ ಏನೋ ಕಲೆ.
ಅದರ ದುಡ್ಡು ಹಿಡಿದಿದ್ದಾರೆ. ಹಿಡಿಯಲಿ.
ಇಲ್ಲ, ಹಿಡಿಯಬಾರದಿತ್ತು, ಗಾಜು ದುಬಾರಿ.

ಮಬ್ರೂಕಾಗೆ ಕೊಡಲು ಹೋದೆ. ಬೇಡ ಎಂದಳು,
ಗೋಡೆ ತುಂಬ ಮೊಮ್ಮಕ್ಕಳು, ಜಾಗವಿಲ್ಲ.
ಹಾಗಾಗಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ.
ಬೆಳಿಗ್ಗೆ ರೊಟ್ಟಿಬುಟ್ಟಿ ಇಳಿಸಿ
ಅದರೆದುರು ನಿಲ್ಲುತ್ತಾಳೆ, ತಲೆವಸ್ತ್ರ ಸರಿಮಾಡಲು.
ಆಗ ಒಂದು ಗಳಿಗೆ
ಮೂರನೆಯ ಕಂಬಕ್ಕೂ ನಾಲ್ಕನೆಯದಕ್ಕೂ ನಡುವೆ
ಹಿಟ್ಟು ಮೆತ್ತಿದ ಮುಖವೊಂದು
ಪಿನ್ನು ಕಚ್ಚಿಕೊಂಡು ನಿಂತಿರುತ್ತದೆ.
ಹೋಗುವಾಗ ಬಟ್ಟೆಯ ತುದಿಯಿಂದ ಗಾಜು ಒರೆಸುತ್ತಾಳೆ.
ಹದ್ದಿನ ತನಕ ಕೈ ಎಟುಕುವುದಿಲ್ಲ,
ಅಲ್ಲಿ ಧೂಳು ಹಾಗೇ ಇದೆ.